ಸಹಾಯ ಬೇಕು: ಪಾಸಿಟಿವ್ ಸೈಕಾಲಜಿ ಸೆಮಿನಾರ್, ಒಂದು ಸ್ಲೈಡ್‌ನಲ್ಲಿ ಸಿಕ್ಕಿಬಿದ್ದಿದ್ದೇನೆ

ನಮಸ್ಕಾರ. ಮುಂದಿನ ವಾರ ಪಾಸಿಟಿವ್ ಸೈಕಾಲಜಿ (ಸಂತೋಷ, ಒಳ್ಳೆಯ ಬದುಕು ಹೇಗೆ ಬರುತ್ತದೆ ಅಂತ ನೋಡುವ ಮನಶ್ಶಾಸ್ತ್ರದ ಶಾಖೆ) ಬಗ್ಗೆ ಸೆಮಿನಾರ್ ಕೊಡಬೇಕು. ಸೆಲಿಗ್‌ಮನ್, ಚಿಕ್‌ಸೆಂಟ್‌ಮಿಹಾಯಿ (ಹೆಸರು ಹೇಳೋಕೇ ಎರಡು ದಿನ ಪ್ರಾಕ್ಟೀಸ್ ಮಾಡಿದೆ!) ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಈ ಶಾಖೆಯನ್ನು ಪರಿಚಯಿಸಿ 2000ರಲ್ಲಿ ಬರೆದ ಲೇಖನದವರೆಗೆ ಸಲೀಸಾಗಿ ಬಂದೆ.

ತಲೆಬಿಸಿ ಆಗಿರುವುದು ಫ್ರೆಡ್ರಿಕ್‌ಸನ್ ಮತ್ತು ಲೊಸಾಡಾ ಅವರ 2005ರ ಪೇಪರ್. ಒಂದು ಕೆಟ್ಟ ಭಾವನೆಗೆ ಕನಿಷ್ಠ 2.9013 ಒಳ್ಳೆಯ ಭಾವನೆ ಇದ್ದರೆ ಬದುಕು ಅರಳುತ್ತದೆ ಅಂತ ದಪ್ಪ ಅಕ್ಷರದಲ್ಲಿ ಹಾಕಿಬಿಟ್ಟಿದ್ದೆ. ಆಮೇಲೆ ನೋಡಿದರೆ 2013ರಲ್ಲಿ ಬ್ರೌನ್, ಸೋಕಲ್, ಫ್ರೀಡ್‌ಮನ್ ಸೇರಿ ಆ ಗಣಿತವೇ ತಪ್ಪು ಎಂದು ತೋರಿಸಿದ್ದಾರೆ! ಭಾವನೆಗೆ ನಾಲ್ಕು ದಶಾಂಶ ಸ್ಥಾನ ಕಂಡಾಗಲೇ ಅನುಮಾನ ಬರಬೇಕಿತ್ತು, ಅಲ್ವಾ?

ಸ್ಲೈಡ್ ಸುಮ್ನೆ ತೆಗೆದುಬಿಡಲಾ, ಅಥವಾ ಈ ಜಗಳವನ್ನೇ ಹೇಳಲಾ? ನನಗೆ ಎರಡನೆಯದೇ ಜಾಸ್ತಿ ಇಷ್ಟ. ಇನ್ನೊಂದು ವಿಷಯ: ಇದೇ ಶಾಖೆಯಲ್ಲಿ ಬರುವ, ದಿನಾ ರಾತ್ರಿ ಅವತ್ತು ನಡೆದ ಮೂರು ಒಳ್ಳೆಯ ಸಂಗತಿ ಬರೆಯುವ ಪ್ರಯೋಗವನ್ನು ಬೇರೆಯವರು ಮತ್ತೆ ಮಾಡಿ ನೋಡಿದ ಪೇಪರ್ ಯಾರಾದರೂ ಓದಿದ್ದರೆ ದಯವಿಟ್ಟು ತಿಳಿಸಿ. ಶುಕ್ರವಾರದೊಳಗೆ ಸಿಕ್ಕರೆ ಉಪಕಾರ.