ಲೋಡ್ ಪ್ರೊಫೈಲ್ ಅರ್ಧಕ್ಕೇ ನಿಲ್ತೈತಿ, ಮೀಟರ್ ಬದಲಿ ಮಾಡಬೇಕೇನ್ರಿ?

ಪ್ರಶ್ನೆ (ಮುಧೋಳ):
ಸರ್, ನಮಸ್ಕಾರ್ರಿ. ಸಕ್ಕರಿ ಫ್ಯಾಕ್ಟರಿ ಕೋಜನ್ (ಉಗಿ, ಕರೆಂಟ್ ಎರಡೂ ಮಾಡೂ) ಪ್ಲಾಂಟಿನಾಗ ಇನ್‌ಸ್ಟ್ರುಮೆಂಟೇಶನ್ ನೋಡ್ಕೋತೀನಿ. ಐದಾರು ಎನರ್ಜಿ ಮೀಟರ್ ಒಂದ ಆರ್‌ಎಸ್-485 ಡೇಟಾ ಲೈನಿನ ಮ್ಯಾಲ ಅದಾವ, ಎಲ್ಲಾ ಡಿಎಲ್‌ಎಂಎಸ್ (ಮೀಟರ್ ಓದೂ ಭಾಷೆ), ಕೆಳಗ ಎಚ್‌ಡಿಎಲ್‌ಸಿ (ಡೇಟಾನ ಫ್ರೇಮ್ ಅನ್ನೂ ತುಂಡು ಮಾಡಿ ಸಾಗಸೂ ಪದ್ಧತಿ). ಈಗಿನ ವೋಲ್ಟೇಜ್, ಕರೆಂಟ್ ಚೊಲೊ ಬರ್ತಾವ. ತಿಂಗಳ ಲೋಡ್ ಪ್ರೊಫೈಲ್ (ಹೊತ್ತು ಹೊತ್ತಿಗೆ ಮೀಟರ್ ಬರದಿಟ್ಟ ಬಳಕಿ ಲೆಕ್ಕ) ತಗಿಯಾಕ ಹೋದ್ರ ಅರ್ಧಕ್ಕ ನಿಲ್ತೈತಿ. ಎರರ್ ಬಂದ ಕೂಡಲೇ ನಮ್ಮ ಪ್ರೋಗ್ರಾಮ್ ಪೋರ್ಟ್ ಮುಚ್ಚಿ, ತೆಗೆದು, ಮತ್ತ ಎಸ್‌ಎನ್‌ಆರ್‌ಎಂ (ಹೊಸ ಸಂಪರ್ಕ ಕೇಳೂ ಫ್ರೇಮ್) ಕಳಸ್ತೈತಿ. ಸ್ವಲ್ಪ ಹೊತ್ತು ಬಿಟ್ಟು ಇದ್ದಲ್ಲಿಂದ ಮುಂದುವರಿಸಿದ್ರ ಡಿಎಂ ಬರ್ತೈತಿ. ಮೀಟರ್ ಕೆಟ್ಟಾವೇನ್ರಿ?

ಉತ್ತರ:
ಮೀಟರಿಗೆ ಕೈ ಹಚ್ಚಬ್ಯಾಡ್ರಿ. ಡಿಎಂ ಅಂದ್ರ ದೋಷ ಅಲ್ಲ, 'ನನಗೂ ನಿನಗೂ ಈಗ ಸಂಪರ್ಕ ಇಲ್ಲ' ಅಂತ ಮೀಟರ್ ಹೇಳೂದು. ಸುಮ್ಮನಿದ್ದ ಲಿಂಕನ್ನ ಅದು ತಾನಾಗೇ ಬಿಡ್ತೈತಿ. ಡೀಫಾಲ್ಟ್ 120 ಸೆಕೆಂಡ್. ಆಮ್ಯಾಲ ಹೊಸದಾಗಿ ಎಸ್‌ಎನ್‌ಆರ್‌ಎಂ ಕಳಿಸಿ ಯುಎ (ಮೀಟರಿನ 'ಒಪ್ಪಿದೆ' ಅನ್ನೂ ಉತ್ತರ) ತಗೊಳ್ಳೂದ ದಾರಿ.

ಆದ್ರ ನಿಮ್ಮ ಖರೇ ತ್ರಾಸು ಅದಕ್ಕಿಂತ ಮೊದಲ ಐತಿ. ಎಚ್‌ಡಿಎಲ್‌ಸಿಯಾಗ ಸಿಆರ್‌ಸಿ (ಫ್ರೇಮ್ ಕೆಟ್ಟೈತೇನು ಅಂತ ನೋಡೂ ತಾಳೆ ಅಂಕಿ) ತಪ್ಪಿದ ಫ್ರೇಮಿಗೆ 'ತಪ್ಪೈತಿ' ಅಂತ ಯಾರೂ ಹೇಳೂದಿಲ್ಲ. ಸದ್ದಿಲ್ಲದ ಒಗದುಬಿಡ್ತಾರ. ಹಿಂಗಾಗಿ ನಿಮ್ಮ ಕಡೆ ಬರೀ ಮೌನ ಕಾಣ್ತೈತಿ. ಆ ಮೌನಕ್ಕ 'ಲಿಂಕ್ ಹೋತು' ಅಂತ ಅರ್ಥ ಹಚ್ಚಿ ಎಸ್‌ಎನ್‌ಆರ್‌ಎಂ ಕಳಿಸಿದ್ರ ಎರಡೂ ಕಡೆ ಫ್ರೇಮ್ ಎಣಿಸೂ ಕೌಂಟರ್ ಸೊನ್ನಿ ಆಗ್ತಾವ, ಪಾಸ್‌ವರ್ಡ್ ಕೊಟ್ಟು ಮಾಡ್ಕೊಂಡ ಅಸೋಸಿಯೇಶನ್ನೂ (ಲಾಗಿನ್) ಹೋಗ್ತೈತಿ. ಪ್ರೊಫೈಲ್ ಮೊದಲಿಂದ! ಒಂದು ಫ್ರೇಮ್ ಕೆಟ್ಟದ್ದಕ್ಕ ತಿಂಗಳದ ಡೇಟಾ ಕಳಕೊಂಡಂಗ.

ಅದರ ಬದಲಿ, ಟೈಮ್‌ಔಟ್ ಆದ ಮ್ಯಾಲ ಪೋಲ್ ಬಿಟ್ ('ಈಗ ಉತ್ತರ ಕೊಡು' ಅನ್ನೂ ಗುರುತು) ಹಾಕಿ ಆರ್‌ಆರ್ ('ಮುಂದಿನದಕ್ಕ ತಯಾರದೀನಿ' ಅನ್ನೂ ಸಣ್ಣ ಫ್ರೇಮ್) ಕಳಸ್ರಿ, ನಿಮಗ ಬರಬೇಕಾದ ಫ್ರೇಮಿನ ನಂಬರ್ ಇಟ್ಟು. ಮೀಟರಿನ ಉತ್ತರ ದಾರಿಯೊಳಗ ಕೆಟ್ಟಿದ್ರ, ನಿಮ್ಮ ನಂಬರ್ ಮುಂದ ಹೋಗಿಲ್ಲ ಅಂತ ನೋಡಿ ಅದ ಫ್ರೇಮನ್ನ ಮತ್ತ ಕಳಸ್ತೈತಿ. ನಿಮ್ಮ ಪ್ರಶ್ನೆನ ಅದಕ್ಕ ಮುಟ್ಟಿರಲಿಲ್ಲ ಅಂದ್ರ ಅದರ ಆರ್‌ಆರ್‌ನಾಗಿನ ನಂಬರ್ ನೋಡಿದ್ರ ಗೊತ್ತಾಗ್ತೈತಿ, ಆಗ ನೀವು ಮತ್ತ ಕಳಸ್ರಿ. ಮೂರು ಸಲ ಕೇಳಿದ್ರೂ ಸದ್ದಿಲ್ಲ ಅಂದ್ರ ಮಾತ್ರ ಹೊಸ ಸಂಪರ್ಕ. ಸೆಕೆಂಡಿಗೆ 9600 ಬಿಟ್ ವೇಗದಾಗ 128 ಬೈಟಿನ ಫ್ರೇಮ್ ಸೆಕೆಂಡಿನ ಏಳನೇ ಒಂದು ಭಾಗದಾಗ ಮುಗೀತೈತಿ. ಎರಡು ಸೆಕೆಂಡ್ ಕಾಯೂದು ಸಾಕು, ಮೂರು ಸಲ ಕೇಳಿದ್ರೂ 120ರ ಒಳಗ ಇರ್ತೀರಿ.

ಎಫ್‌ಆರ್‌ಎಂಆರ್ (ಫ್ರೇಮ್ ತಿರಸ್ಕಾರ) ಬಂದ್ರ ಮಾತ್ರ ಈ ಲೆಕ್ಕ ನಡಿಯೂದಿಲ್ಲ. ಫ್ರೇಮ್ ಸರಿಯಾಗೇ ಮುಟ್ಟೈತಿ, ಅದರೊಳಗಿನದ್ದು ನಿಯಮಕ್ಕ ಹೊಂದೂದಿಲ್ಲ, ಉದಾಹರಣೆಗೆ ಒಪ್ಪಿದ್ದಕ್ಕಿಂತ ಉದ್ದ ಐತಿ. ನೂರು ಸಲ ಕಳಿಸಿದ್ರೂ ಅದ ಉತ್ತರ. ಪ್ರೋಗ್ರಾಮ್ ತಿದ್ರಿ, ಆಮ್ಯಾಲ ಎಸ್‌ಎನ್‌ಆರ್‌ಎಂ.

15 ನಿಮಿಷದ ಪ್ರೊಫೈಲ್ ಇದ್ರ ದಿನಕ್ಕ 96 ಸಾಲು. ತಿಂಗಳು ಪೂರಾ ಒಂದ ಸಲ ಕೇಳೂ ಹಟ ಯಾಕ್ರಿ? ತಾರೀಖು ಕೊಟ್ಟು ಒಂದೊಂದ ದಿನದ್ದು ಕೇಳ್ರಿ. ಮುಗದ ಮ್ಯಾಲ ಡಿಸ್ಕ್ (ಸಂಪರ್ಕ ಮುಗಿಸೂ ಫ್ರೇಮ್) ಕಳಿಸಿ ಯುಎ ಬಂದದ್ದು ನೋಡಿ ಪೋರ್ಟ್ ಮುಚ್ರಿ. ಇದನ್ನ ಪ್ರೋಗ್ರಾಮಿನಾಗ ಬರಿಯವರ ಕಮ್ಮಿ.

ಮುಧೋಳ:
ಆರ್‌ಆರ್ ಕಳಸೂದ ನಮ್ಮ ಕೋಡಿನಾಗ ಇಲ್ಲರೀ ಸರ್. ಆದ್ರ ಫ್ರೇಮ್ ಕೆಡೂದು ಯಾಕ? ಮಿಲ್ ಚಾಲೂ ಇದ್ದಾಗ ಜಾಸ್ತಿ.

ಉತ್ತರ:
ಮೋಟರ್ ಓಡಸೂ ಡ್ರೈವ್‌ಗಳ ಕೇಬಲ್ ಪಕ್ಕ ಅದ ಟ್ರೇದಾಗ 485 ವೈರ್ ಎಳದಿರಬೇಕು. ಬ್ಯಾರೆ ಮಾಡ್ರಿ. ಲೈನಿನ ಎರಡೂ ತುದಿಗೆ 120 ಓಮ್ ರೆಸಿಸ್ಟರ್, ನಡುವಿನ ಮೀಟರುಗಳಿಗೆ ಬ್ಯಾಡ. ಶೀಲ್ಡ್ ಒಂದ ಕಡೆ ಅರ್ಥ್. ಒಂದು ಮೀಟರಿಂದ ಮುಂದಿನದಕ್ಕ ಸಾಲಾಗಿ ಹೋಗಬೇಕು, ನಡುವ ಉದ್ದನ ಕವಲು ತಗೀಬ್ಯಾಡ್ರಿ.

ಇನ್ನೊಬ್ಬರು (ವಿಜಯಪುರ):
ನಮ್ದು ಜಿಪಿಆರ್‌ಎಸ್ (ಮೊಬೈಲ್ ನೆಟ್‌ವರ್ಕ್) ಮೋಡೆಮ್ ಸರ್. ವೈರಿಂಗ್ ಸರಿ ಇದ್ರೂ ದೊಡ್ಡ ಫ್ರೇಮ್ ಕಳಿಸಿದ್ರ ಮೀಟರ್ ಗಪ್ಪ ಕುಂದರ್ತೈತಿ.

ಉತ್ತರ:
ಮೋಡೆಮ್ ನಿಮ್ಮ ಫ್ರೇಮನ್ನ ತುಂಡು ಮಾಡಿ ಕೊಡಾಕತ್ತಿರಬೇಕು. ಎರಡು ಬೈಟಿನ ನಡುವ ಮೀಟರ್ ಇಷ್ಟ ಹೊತ್ತು ಕಾಯ್ತೀನಿ ಅಂತ ಮಿತಿ ಇಟ್ಕೊಂಡಿರ್ತೈತಿ, ಡೀಫಾಲ್ಟ್ 25 ಮಿಲಿಸೆಕೆಂಡ್. ಅದು ಮೀರಿದ್ರ ಫ್ರೇಮ್ ಕಸದ ಡಬ್ಬಿಗೆ. ಮೀಟರಿನ ಎಚ್‌ಡಿಎಲ್‌ಸಿ ಸೆಟಪ್‌ನಾಗ ಆ ಮಿತಿ ಏರಿಸಾಕ ಬಿಟ್ರ ಏರಿಸ್ರಿ, ಇಲ್ಲಾಂದ್ರ ಮೋಡೆಮ್ ಪೂರಾ ಫ್ರೇಮ್ ಕೂಡಿಸಿಕೊಂಡು ಕೊಡೂವಂಗ ಮಾಡ್ರಿ. ಉತ್ತರಕ್ಕ ಕಾಯೂ ಹೊತ್ತೂ ಐದಾರು ಸೆಕೆಂಡಿಗೆ ಏರಿಸ್ರಿ. ಎರಡು ಸೆಕೆಂಡ್ ನಿಮಗ ಸಾಲೂದಿಲ್ಲ.