ಲಸಿಕೆ ಸಾಲದಿದ್ದಾಗ ಯಾರಿಗೆ ಮೊದಲು? ಚೈತ್ರಾಳ ಪ್ರಶ್ನೆಗೆ ದೊಡ್ಡಮ್ಮನ ವಾಯ್ಸ್ ಮೆಸೇಜ್

ಚೈತ್ರಾ, ದೊಡ್ಡಮ್ಮ ಮಾತಾಡುತ್ತಿದ್ದೇನೆ. ಇದು ಟೈಪ್ ಮಾಡಿ ಮುಗಿಸುವ ವಿಷಯ ಅಲ್ಲ, ಅದಕ್ಕೇ ವಾಯ್ಸ್ ಹಾಕಿದ್ದು. ಸ್ವಲ್ಪ ಉದ್ದ ಆಗುತ್ತದೆ. ಉಳಿದವರೂ ಪುರುಸೊತ್ತು ಇದ್ದಾಗ ಕೇಳಿ.

ಬೆಳಿಗ್ಗೆಯಿಂದ ಗ್ರೂಪ್ ನೋಡದವರಿಗೆ ಮೊದಲು ಹೇಳುತ್ತೇನೆ. ಚೈತ್ರಾಳ ಕಾಲೇಜಿನಲ್ಲಿ ನಾಡಿದ್ದು ಒಂದು ಚರ್ಚೆ ಉಂಟು. ಕೊರೊನಾದ ಹಾಗೆ ಮತ್ತೊಂದು ಕಾಯಿಲೆ ಬಂದು, ಲಸಿಕೆ ಎಲ್ಲರಿಗೂ ಸಾಲದೆ ಹೋದರೆ, ಯಾವ ತೊಂದರೆ ಇರುವವರಿಗೆ ಮೊದಲು ಕೊಡಬೇಕು ಅಂತ. ಭಾವ, ನೀವು "ಶುಗರ್, ಬಿಪಿ ಇದ್ದವರಿಗೆಲ್ಲ ಮೊದಲು ಕೊಡಬೇಕು, ಅದರಲ್ಲಿ ಯೋಚನೆ ಮಾಡಲಿಕ್ಕೆ ಎಂತ ಉಂಟು" ಅಂದಿರಿ. ದುಬೈಯಿಂದ ಶಶಿ "ಕಾಯಿಲೆಯ ಪಟ್ಟಿಯೇ ಬೇಡ, ವಯಸ್ಸು ನೋಡಿ ಕೊಟ್ಟರೆ ಸಾಕು" ಅಂದ. ಇಬ್ಬರ ಮಾತಿನಲ್ಲೂ ಹುರುಳು ಉಂಟು. ಆದರೆ ಅಷ್ಟೇ ಮಾಡಿದರೆ ನಾನು ವರ್ಷಗಟ್ಟಲೆ ನೋಡಿಕೊಂಡ ರೋಗಿಗಳು ಮತ್ತೆ ಸಾಲಿನ ಕೊನೆಗೆ ಬೀಳುತ್ತಾರೆ.

2021ರಲ್ಲಿ ನಮ್ಮಲ್ಲಿ ಏನಾಯಿತು ಅಂತ ಒಮ್ಮೆ ನೆನಪು ಮಾಡಿಕೊಳ್ಳಿ. ಜನವರಿ 16ಕ್ಕೆ ಲಸಿಕೆ ಶುರುವಾಯಿತು, ಮೊದಲು ಆಸ್ಪತ್ರೆಯವರಿಗೆ. ಫೆಬ್ರವರಿಯಲ್ಲಿ ಪೊಲೀಸರು, ಪೌರಕಾರ್ಮಿಕರು, ಇಂಥವರಿಗೆ. ಮಾರ್ಚ್ 1ರಿಂದ 60 ದಾಟಿದವರಿಗೆಲ್ಲ ಕೊಟ್ಟರು. ಅದರ ಜೊತೆಗೆ 45ರಿಂದ 59ರ ಒಳಗಿನವರಿಗೂ ಕೊಟ್ಟರು, ಆದರೆ ಬೇರೆ ದೊಡ್ಡ ಕಾಯಿಲೆ ಇದ್ದರೆ ಮಾತ್ರ. ಯಾವುದು ದೊಡ್ಡ ಕಾಯಿಲೆ ಅಂತ ಕೇಂದ್ರ ಸರಕಾರ 20 ಸಾಲಿನ ಪಟ್ಟಿ ಮಾಡಿತ್ತು. ಹಿಂದಿನ ಒಂದು ವರ್ಷದಲ್ಲಿ ಹಾರ್ಟ್ ಫೇಲ್ಯೂರ್ ಆಗಿ ಅಡ್ಮಿಟ್ ಆದವರು, ಕಿಡ್ನಿ ಅಥವಾ ಲಿವರ್ ಕಸಿ ಮಾಡಿಸಿಕೊಂಡವರು, ಡಯಾಲಿಸಿಸ್‌ನಲ್ಲಿ ಇರುವವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿ ಇರುವವರು, ಥಲಸ್ಸೀಮಿಯಾ ಅನ್ನುವ ರಕ್ತದ ಕಾಯಿಲೆ, ಎಚ್‌ಐವಿ ಇರುವವರು, ಹೀಗೆ. ಪಟ್ಟಿಯೇನೋ ಒಳ್ಳೆಯದೇ. ತಿಳಿದವರೇ ಮಾಡಿದ್ದು.

ಭಾವ, ಆಗ ನಿಮಗೆ ಬೇಜಾರಾಗಿತ್ತು ಅಂತ ನನಗೆ ಗೊತ್ತು. ಶುಗರ್ ಇದ್ದರೂ ಮಾರ್ಚ್‌ನಲ್ಲಿ ನಿಮಗೆ ಲಸಿಕೆ ಸಿಗಲಿಲ್ಲ. ಯಾಕೆಂದರೆ ಆ ಪಟ್ಟಿಯಲ್ಲಿ ಬರೀ ಶುಗರ್ ಇದ್ದರೆ ಸಾಲದು. ಅದು 10 ವರ್ಷಕ್ಕಿಂತ ಹಳೆಯದಾಗಿರಬೇಕು, ಇಲ್ಲದಿದ್ದರೆ ಅದರಿಂದ ಬೇರೆ ತೊಂದರೆ ಶುರುವಾಗಿರಬೇಕು. ಅದರ ಮೇಲೆ ಬಿಪಿಗೂ ಮದ್ದು ತೆಗೆದುಕೊಳ್ಳುತ್ತಿರಬೇಕು. ನಿಮಗೆ ಶುಗರ್ ಬಂದು ಐದಾರು ವರ್ಷ ಆಗಿತ್ತು, ಹತೋಟಿಯಲ್ಲೂ ಇತ್ತು. ಏಪ್ರಿಲ್ 1ಕ್ಕೆ 45 ದಾಟಿದ ಎಲ್ಲರಿಗೂ ತೆರೆದಾಗ ನಿಮಗೂ ಸಿಕ್ಕಿತು. ನನ್ನನ್ನು ಕೇಳಿದರೆ ಅದು ಸರಿಯಾದ ತೀರ್ಮಾನ. ನಮ್ಮ ಉಡುಪಿ, ಮಂಗಳೂರಿನಲ್ಲಿ ಶುಗರ್ ಇಲ್ಲದ ಮನೆ ಹುಡುಕಬೇಕು. ಅವರೆಲ್ಲರೂ ಒಟ್ಟಿಗೇ ಸಾಲಿಗೆ ಬಂದರೆ, ನಿಜವಾಗಿ ಜೀವಕ್ಕೆ ಅಪಾಯ ಇರುವವನ ಸರದಿ ಹಿಂದೆ ಹೋಗುತ್ತದೆ. ಮತ್ತೆ ನಿಮಗೆ ಪಿಂಚಣಿ ಬರುತ್ತಿತ್ತು, ಮನೆಯ ಗೇಟು ಹಾಕಿ ಒಳಗೆ ಕೂರಲಿಕ್ಕೆ ಆಗುತ್ತಿತ್ತು. ಒಂದು ತಿಂಗಳು ಕಾಯುವುದು ನಿಮ್ಮಿಂದ ಆಗುವ ಕೆಲಸ ಆಗಿತ್ತು.

ಕಾಯಲಿಕ್ಕೆ ಆಗದವರು ಇದ್ದಾರೆ. ಚೈತ್ರಾ, ಇದನ್ನು ಸರಿಯಾಗಿ ಕೇಳು.

ನಾನು ಆಗ ಮಂಗಳೂರಿನ ಒಂದು ಆಸ್ಪತ್ರೆಯ ಡಯಾಲಿಸಿಸ್ ವಿಭಾಗದಲ್ಲಿ ನರ್ಸ್ ಆಗಿದ್ದೆ ಅಂತ ನಿನಗೆ ಗೊತ್ತಲ್ಲ. ಕಿಡ್ನಿ ಪೂರ್ತಿ ಹೋದವರಿಗೆ ಸಾಮಾನ್ಯವಾಗಿ ವಾರಕ್ಕೆ ಮೂರು ಸಲ ಡಯಾಲಿಸಿಸ್. ಒಂದೊಂದು ಸಲಕ್ಕೂ ಸುಮಾರು ನಾಲ್ಕು ಗಂಟೆ ಮೆಷಿನ್‌ನಲ್ಲಿ ಮಲಗಬೇಕು. ಒಂದೇ ಹಾಲ್‌ನಲ್ಲಿ ಸಾಲಾಗಿ ಮಂಚಗಳು, ಎಸಿ ಹಾಕಿದ ಮುಚ್ಚಿದ ಕೋಣೆ. ಬೆಳ್ತಂಗಡಿಯಿಂದ, ಸುಳ್ಯದಿಂದ ಬಸ್ಸಿನಲ್ಲಿ ಬರುವವರು, ಜೊತೆಗೆ ಮನೆಯವರು ಒಬ್ಬರು. ಇಡೀ ದೇಶಕ್ಕೆ "ಮನೆಯಲ್ಲೇ ಇರಿ" ಅಂತ ಹೇಳಿದಾಗಲೂ ಇವರು ವಾರಕ್ಕೆ ಮೂರು ದಿನ ಮನೆಯಿಂದ ಹೊರಡಲೇಬೇಕಿತ್ತು. ಒಂದೆರಡು ಸಲ ತಪ್ಪಿಸಿದರೆ ಮೈಯಲ್ಲಿ ನೀರು ತುಂಬಿ ಉಸಿರು ಕಟ್ಟುತ್ತದೆ. 2020ರ ಮಾರ್ಚ್ ಕೊನೆಗೆ ತಲಪಾಡಿಯಲ್ಲಿ ಕೇರಳದ ಗಡಿ ಮುಚ್ಚಿದಾಗ ಕಾಸರಗೋಡಿನ ರೋಗಿಗಳು ಮಂಗಳೂರಿಗೆ ಬರಲಾಗದೆ ಪಟ್ಟ ಪಾಡು ನಾವೆಲ್ಲ ನೋಡಿದ್ದೇವೆ. ಹೊರಟರೆ ಸೋಂಕಿನ ಭಯ, ಹೊರಡದಿದ್ದರೆ ಕಿಡ್ನಿ. ಸೋಂಕು ತಗಲಿತೋ, ಉಳಿದವರಿಗಿಂತ ಇವರು ಸಾಯುವ ಸಂಭವ ಎಷ್ಟೋ ಜಾಸ್ತಿ.

ಪಟ್ಟಿಯಲ್ಲಿ ಡಯಾಲಿಸಿಸ್ ಇತ್ತು, ಹೌದು. ಆದರೆ ಆ ಇಡೀ ಪಟ್ಟಿ 45 ದಾಟಿದವರಿಗೆ ಮಾತ್ರ. 44 ಆಗಿದ್ದರೆ ಕಸಿ ಮಾಡಿಸಿಕೊಂಡಿದ್ದರೂ ಇಲ್ಲ, ರಕ್ತದ ಕ್ಯಾನ್ಸರ್ ಇದ್ದರೂ ಇಲ್ಲ. ನಮ್ಮಲ್ಲಿಗೆ ಬರುತ್ತಿದ್ದವರಲ್ಲಿ ಎಷ್ಟು ಜನ ಸಣ್ಣ ಪ್ರಾಯದವರು ಇದ್ದರು! ಬಂಟ್ವಾಳ ಕಡೆಯ ಒಬ್ಬ ಹುಡುಗ, ರಿಕ್ಷಾ ಓಡಿಸಿಕೊಂಡು ಇದ್ದವ, ಇನ್ನೂ ಮೂವತ್ತೈದು ಆಗಿರಲಿಲ್ಲ. ಪಕ್ಕದ ಮಂಚದ ಅರವತ್ತೆರಡರ ಅಜ್ಜನಿಗೆ ಮಾರ್ಚ್‌ನಲ್ಲೇ ಲಸಿಕೆ ಆಯಿತು. ಇವನು ಪ್ರತಿ ಸಲ ಸೂಜಿ ಹಾಕುವಾಗ ಕೇಳುತ್ತಿದ್ದ, "ಸಿಸ್ಟರ್, ನನಗೆ ಯಾವಾಗ?" ಅಂತ. ಅದೇ ಕಾಯಿಲೆ, ಅದೇ ಮೆಷಿನ್, ಅದೇ ಕೋಣೆಯ ಗಾಳಿ. ಅವನಿಗೆ ಕೊಡಲಿಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಮೇ 1ರಿಂದ 18 ದಾಟಿದವರಿಗೆಲ್ಲ ಅಂತ ಘೋಷಣೆ ಆಯಿತು. ಆದರೆ ಅಷ್ಟರಲ್ಲಿ ಎರಡನೇ ಅಲೆ ಏರಿ ಆಗಿತ್ತು, ಲಸಿಕೆಯ ಸ್ಟಾಕ್ ಇರಲಿಲ್ಲ, ಮೊಬೈಲ್‌ನಲ್ಲಿ ಸ್ಲಾಟ್ ಹಿಡಿಯುವವರಿಗೆ ಸಿಗುತ್ತಿತ್ತು. ಗಟ್ಟಿಮುಟ್ಟಾದ ಇಪ್ಪತ್ತರ ಹುಡುಗರೂ ಇವನೂ ಒಂದೇ ಸಾಲು. ಮೇ ಮಧ್ಯದಲ್ಲಿ ನಮ್ಮ ರಾಜ್ಯದಲ್ಲಿ ಆ ವಯಸ್ಸಿನವರಿಗೆ ಕೊಡುವುದನ್ನೇ ಸ್ವಲ್ಪ ಕಾಲ ನಿಲ್ಲಿಸಿದರು. ಆ ತಿಂಗಳಲ್ಲೇ ಅವನಿಗೆ ಸೋಂಕು ತಗಲಿತು. ತೀರಿಕೊಂಡ. ಲಸಿಕೆ ಆಗಿದ್ದರೆ ಉಳಿಯುತ್ತಿದ್ದ ಅಂತ ನಾನು ಆಣೆ ಇಟ್ಟು ಹೇಳುವುದಿಲ್ಲ. ಆದರೆ ಅವನ ಸರದಿ ಮಾರ್ಚ್‌ನಲ್ಲೇ ಬರಬೇಕಿತ್ತು.

ಈಗ ಶಶಿ, ನಿನ್ನ ಮಾತಿಗೆ ಬರುತ್ತೇನೆ. ಕೊರೊನಾದಲ್ಲಿ ವಯಸ್ಸು ಎಲ್ಲಕ್ಕಿಂತ ದೊಡ್ಡ ಅಪಾಯ ಆಗಿತ್ತು, ಅದು ನಿಜ. ಏನೂ ಕಾಯಿಲೆ ಇಲ್ಲದ 75ರ ಅಜ್ಜನಿಗೆ, ಶುಗರ್ ಇರುವ 45ರವನಿಗಿಂತ ಅಪಾಯ ಜಾಸ್ತಿ. ವಯಸ್ಸು ತೋರಿಸಲಿಕ್ಕೆ ಆಧಾರ್ ಸಾಕು, ಡಾಕ್ಟರರ ಚೀಟಿ ಬೇಡ, ಜಗಳವೂ ಇಲ್ಲ. ಬ್ರಿಟನ್ನಿನವರೂ ಹೆಚ್ಚಾಗಿ ವಯಸ್ಸನ್ನೇ ಹಿಡಿದು ಒಂಬತ್ತು ಗುಂಪು ಮಾಡಿದರು. ಆದರೆ ಅವರು ಇನ್ನೊಂದು ಕೆಲಸ ಮಾಡಿದರು. ಕಸಿ ಮಾಡಿಸಿಕೊಂಡವರು, ಕಿಡ್ನಿ ಪೂರ್ತಿ ಹೋದವರು, ಹುಟ್ಟಿನಿಂದಲೇ ಬುದ್ಧಿಯ ಬೆಳವಣಿಗೆ ನಿಧಾನ ಆಗುವ ಡೌನ್ ಸಿಂಡ್ರೋಮ್ ಇರುವ ದೊಡ್ಡವರು, ಇಂಥವರನ್ನು 70 ದಾಟಿದವರ ಗುಂಪಿಗೇ ಸೇರಿಸಿದರು. ಇಪ್ಪತ್ತರ ಹುಡುಗ ಆದರೂ ಸರಿ. ತೀವ್ರ ಮಾನಸಿಕ ಕಾಯಿಲೆ ಇರುವವರಿಗೂ ಆರನೇ ಗುಂಪಿನಲ್ಲಿ ಜಾಗ ಕೊಟ್ಟರು. ನಮ್ಮ 20 ಸಾಲಿನಲ್ಲಿ ಅವರಿಗೆ ಜಾಗವೇ ಇರಲಿಲ್ಲ. ಹಾಗಾಗಿ ವಯಸ್ಸು ಹಿಡಿದು ಹೋಗುವುದು ಸರಿ, ಆದರೆ ಕೆಲವು ಕಾಯಿಲೆಗಳಿಗೆ ವಯಸ್ಸಿನ ಗೆರೆ ಇರಬಾರದು. ಆ ಕೆಲವು ಅನ್ನುವುದು ನಿಜಕ್ಕೂ ಕೆಲವೇ ಆಗಿರಬೇಕು.

ಇನ್ನು ಕಾಯಿಲೆ ಉಂಟು ಅಂತ ತೋರಿಸಲಿಕ್ಕೆ ಬೇಕಾದ ಡಾಕ್ಟರರ ಚೀಟಿಯ ವಿಷಯ. ನಿನ್ನ ಕ್ಲಾಸಿನಲ್ಲಿ ಇದನ್ನು ಯಾರೂ ಎತ್ತಲಿಕ್ಕಿಲ್ಲ, ನೀನು ಎತ್ತು. ಆ ಪಟ್ಟಿಯ ಸಾಲುಗಳನ್ನು ಓದಿ ನೋಡು. ಹೃದಯದ ಪಂಪಿಂಗ್ ಶೇಕಡಾ 40ಕ್ಕಿಂತ ಕಡಿಮೆ ಇರಬೇಕು. ಶ್ವಾಸಕೋಶದ ಪರೀಕ್ಷೆಯಲ್ಲಿ ಶೇಕಡಾ 50ಕ್ಕಿಂತ ಕಡಿಮೆ ಬರಬೇಕು, ಇಲ್ಲವೇ ಎರಡು ವರ್ಷದ ಒಳಗೆ ಉಸಿರಿನ ತೊಂದರೆಗೆ ಅಡ್ಮಿಟ್ ಆಗಿರಬೇಕು. ಇದೆಲ್ಲ ಗೊತ್ತಾಗಬೇಕಾದರೆ ಮೊದಲು ಹೃದಯದ ಎಕೋ ಸ್ಕ್ಯಾನ್ ಆಗಿರಬೇಕು, ಪರೀಕ್ಷೆ ಆಗಿರಬೇಕು, ಫೈಲ್ ಇರಬೇಕು. ಮಣಿಪಾಲದಲ್ಲೋ ಮಂಗಳೂರಿನಲ್ಲೋ ದಪ್ಪ ಫೈಲ್ ಇರುವವರಿಗೆ ಚೀಟಿ ಒಂದೇ ದಿನದಲ್ಲಿ ಸಿಗುತ್ತದೆ. ಬೆಳ್ತಂಗಡಿಯಲ್ಲಿ ಮೂವತ್ತು ವರ್ಷ ಬೀಡಿ ಕಟ್ಟಿ, ತಂಬಾಕಿನ ಧೂಳು ಕುಡಿದು, ಗುಡ್ಡ ಹತ್ತುವಾಗ ಏದುಸಿರು ಬಿಡುವ ಅಕ್ಕನಿಗೆ ಎಲ್ಲಿಯ ಫೈಲ್? ಕೆಮ್ಮಿಗೆ ಮೆಡಿಕಲ್‌ನಿಂದ ಒಂದು ಬಾಟಲಿ ತಂದು ಕುಡಿದವಳು ಅವಳು. ಕಾಯಿಲೆ ಅವಳಿಗೂ ಉಂಟು, ಸಾಕ್ಷಿ ಇಲ್ಲ.

ಎಚ್‌ಐವಿ ಇರುವವರ ಪಾಡು ಇನ್ನೊಂದು. ಡಾಕ್ಟರ್ ಕೊಡುವ ಸರ್ಟಿಫಿಕೇಟ್‌ನಲ್ಲಿ ಕಾಯಿಲೆಯ ಹೆಸರಿನ ಎದುರೇ ಗುರುತು ಹಾಕಬೇಕಿತ್ತು. ಆ ಕಾಗದ ಹಿಡಿದು ಊರಿನ ಲಸಿಕೆ ಕೇಂದ್ರಕ್ಕೆ ಹೋಗಬೇಕು, ಅಲ್ಲಿ ಪರಿಚಯದವರೇ ಕೂತಿರುತ್ತಾರೆ. ಗುಟ್ಟು ಕಾಪಾಡಬೇಕು ಅಂತ 2017ರ ಕಾಯ್ದೆಯೇ ಉಂಟು. ಆದರೆ ಇಂಥ ಕಾಗದ ಹಿಡಿದು ಹೋಗುವ ಧೈರ್ಯ ಎಷ್ಟು ಜನರಿಗೆ ಬರುತ್ತದೆ? ಅದರ ಬದಲು ಅವರು ಎಚ್‌ಐವಿ ಮಾತ್ರೆ ತೆಗೆದುಕೊಳ್ಳುವ ಎಆರ್‌ಟಿ ಕೇಂದ್ರದಲ್ಲೇ ಲಸಿಕೆ ಹಾಕಿದರೆ ಮುಗಿಯಿತು. ಡಯಾಲಿಸಿಸ್‌ನವರಿಗೆ ಡಯಾಲಿಸಿಸ್ ಕೋಣೆಯಲ್ಲೇ, ಕ್ಯಾನ್ಸರಿನವರಿಗೆ ಕೀಮೋ ವಾರ್ಡಿನಲ್ಲೇ ಡಾಕ್ಟರರು ದಿನ ನೋಡಿ ಹಾಕಲಿ. ಹೆಸರುಗಳು ಅಲ್ಲಿನ ರಿಜಿಸ್ಟರ್‌ನಲ್ಲಿ ಇದ್ದೇ ಇವೆ. ಹಳ್ಳಿಯಲ್ಲಿ 30 ದಾಟಿದವರ ಶುಗರ್, ಬಿಪಿ ಲೆಕ್ಕ ಆಶಾ ಕಾರ್ಯಕರ್ತೆಯರು ಮನೆ ಮನೆಗೆ ಹೋಗಿ ಬರೆಯುತ್ತಾರೆ. ಆ ಬೀಡಿ ಕಟ್ಟುವ ಅಕ್ಕನಿಗೆ ಉಸಿರು ಕಟ್ಟುವುದು ಯಂತ್ರಕ್ಕೆ ಗೊತ್ತಾಗುವ ಮೊದಲೇ ಆಶಾಗೆ ಗೊತ್ತಿರುತ್ತದೆ. ಕಾಯಿಲೆಯವರು ಸಾಕ್ಷಿ ಹುಡುಕಿಕೊಂಡು ಅಲೆಯುವ ಬದಲು ಇಲಾಖೆಯೇ ತನ್ನ ಪುಸ್ತಕ ತೆರೆದು ಅವರನ್ನು ಕರೆಯಬೇಕು.

ನಮ್ಮ ಜಿಲ್ಲೆಯ ಎಂಡೋಸಲ್ಫಾನ್ ಸಂತ್ರಸ್ತರನ್ನು ಮರೆಯಬೇಡ. ಕೊಕ್ಕಡ, ಪಟ್ರಮೆ, ನಿಡ್ಲೆ ಕಡೆ ಗೇರು ತೋಟಗಳಿಗೆ ಮೇಲಿನಿಂದ ಈ ಕೀಟನಾಶಕ ವಿಷ ಸಿಂಪಡಿಸಿದ್ದರ ಫಲ ಇವತ್ತಿಗೂ ಮನೆಗಳಲ್ಲಿ ಮಲಗಿದೆ. ಎದ್ದು ಕೂರಲಾಗದ, ಮಾತು ಬಾರದ, ಮಾಸ್ಕ್ ಹಾಕಿದರೆ ಕಿತ್ತೆಸೆಯುವ ಮಕ್ಕಳು. ಮಕ್ಕಳು ಅಂದರೂ ಕೆಲವರಿಗೆ ಈಗ ಮೂವತ್ತು ದಾಟಿದೆ. ಪಟ್ಟಿಯ 20ನೇ ಸಾಲು ಇಂಥವರದ್ದೇ: ಬುದ್ಧಿಮಾಂದ್ಯ, ಬಹು ಅಂಗವೈಕಲ್ಯ, ಎಲ್ಲದಕ್ಕೂ ಇನ್ನೊಬ್ಬರ ಆಸರೆ ಬೇಕಾದವರು. ಆದರೆ ಇಲ್ಲೂ 45ರ ಗೆರೆ. ಮತ್ತೆ ಅವರನ್ನು ಎತ್ತಿಕೊಂಡು ಕೇಂದ್ರಕ್ಕೆ ಹೋಗುವವರು ಯಾರು? ಹಾಸಿಗೆ ಹಿಡಿದವರ ಮನೆಗೇ ಹೋಗಿ ಲಸಿಕೆ ಹಾಕಬಹುದು ಅಂತ ಕೇಂದ್ರ ಸರಕಾರ ಹೇಳಿದ್ದು 2021ರ ಸೆಪ್ಟೆಂಬರ್‌ನಲ್ಲಿ. ಅಷ್ಟರಲ್ಲಿ ಎರಡನೇ ಅಲೆ ಬಂದು ಹೋಗಿತ್ತು. ಮಾಸಾಶನಕ್ಕಾಗಿ ಈ ಸಂತ್ರಸ್ತರ ಹೆಸರು, ಊರು ಎಲ್ಲವೂ ಸರಕಾರದ ಹತ್ತಿರ ಉಂಟು. ದುಡ್ಡು ಕಳಿಸಲಿಕ್ಕೆ ಇರುವ ಪಟ್ಟಿ ಲಸಿಕೆ ಕಳಿಸಲಿಕ್ಕೂ ಆಗುತ್ತದೆ.

ಇನ್ನೊಂದು ಮುಖ್ಯ ಮಾತು. ಮುಂದಿನ ಸಲಕ್ಕೆ ಇದೇ ಪಟ್ಟಿಯನ್ನು ಎತ್ತಿ ಇಡುವ ಹಾಗಿಲ್ಲ. ಬರುವ ಕಾಯಿಲೆ ಯಾರನ್ನು ಹಿಡಿಯುತ್ತದೆ ಅಂತ ನೋಡಬೇಕು. 1918ರ ಫ್ಲೂನಲ್ಲಿ 20ರಿಂದ 40ರ ಗಟ್ಟಿ ಆಳುಗಳೇ ತುಂಬಾ ಜನ ಹೋದರು. 2009ರ ಎಚ್1ಎನ್1, ಅಂದರೆ ಹಂದಿ ಜ್ವರ, ಬಂದಾಗ ಗರ್ಭಿಣಿಯರಿಗೆ ತುಂಬಾ ಅಪಾಯ ಇತ್ತು. ಹಾಗಾಗಿ ಅಮೆರಿಕದಲ್ಲಿ ಮೊದಲ ಸಾಲಿನಲ್ಲೇ ಗರ್ಭಿಣಿಯರನ್ನು, ಮಕ್ಕಳನ್ನು, 24ರವರೆಗಿನ ಹುಡುಗರನ್ನು ಇಟ್ಟರು. 65 ದಾಟಿದವರು ಹಿಂದೆ ಉಳಿದರು. ಅದೇ ಕೊರೊನಾದಲ್ಲಿ ನಮ್ಮಲ್ಲಿ ಗರ್ಭಿಣಿಯರಿಗೆ ಲಸಿಕೆಗೆ ಒಪ್ಪಿಗೆ ಸಿಕ್ಕಿದ್ದು 2021ರ ಜುಲೈ 2ಕ್ಕೆ. ಅಲ್ಲಿಯವರೆಗೆ ಹೊಟ್ಟೆಯಲ್ಲಿ ಮಗು ಇಟ್ಟುಕೊಂಡು ಕೊರೊನಾ ವಾರ್ಡಿನಲ್ಲಿ ಕೆಲಸ ಮಾಡಿದ ನರ್ಸ್‌ಗಳಿಗೂ ಲಸಿಕೆ ಇರಲಿಲ್ಲ. ಪ್ರಯೋಗದಲ್ಲಿ ಗರ್ಭಿಣಿಯರನ್ನು ಸೇರಿಸದಿದ್ದರೆ ಕೊಡುವಾಗ ಧೈರ್ಯ ಬರುವುದಿಲ್ಲ, ಅದು ನನಗೂ ಅರ್ಥ ಆಗುತ್ತದೆ. ಹಾಗಾದರೆ ಪ್ರಯೋಗದಿಂದಲೇ ಅವರ ಬಗ್ಗೆ ಯೋಚಿಸಬೇಕು.

ಯಾವುದರ ಬಗ್ಗೆ ಅಧ್ಯಯನ ಆಗಿದೆಯೋ ಅದೇ ಪಟ್ಟಿಗೆ ಬರುತ್ತದೆ, ಅದೂ ಒಂದು ಕಷ್ಟ. ಅಮೆರಿಕದಲ್ಲಿ ಹೆಚ್ಚಾಗಿ ದೊಡ್ಡವರಿಗೆ ಬರುವ ಟೈಪ್ 2 ಶುಗರ್ ಮೊದಲೇ ಮೇಲಿನ ಸಾಲಿನಲ್ಲಿ ಇತ್ತು. ಹೆಚ್ಚಾಗಿ ಸಣ್ಣ ಪ್ರಾಯದಲ್ಲೇ ಬರುವ ಟೈಪ್ 1 ಶುಗರ್‌ನವರನ್ನು ಅದಕ್ಕೆ ಸಮನಾಗಿ ಸೇರಿಸಿದ್ದು 2021ರ ಮಾರ್ಚ್ ಕೊನೆಗೆ. ಅಪರೂಪದ ಕಾಯಿಲೆಯವರ ಬಗ್ಗೆ ಅಷ್ಟು ಬೇಗ ಅಧ್ಯಯನ ಆಗುವುದೇ ಇಲ್ಲ. ಅಂಥವರಿಗಾಗಿ, ಅವರನ್ನು ನೋಡುವ ಡಾಕ್ಟರ್ ಕಾರಣ ಬರೆದುಕೊಟ್ಟರೆ ಒಪ್ಪುವ ಒಂದು ದಾರಿ ಇರಬೇಕು.

ಕೊನೆಗೆ ಮನೆಯವರ ವಿಷಯ. ಕಸಿ ಆದವರಿಗೆ, ಕೀಮೋದಲ್ಲಿ ಇರುವವರಿಗೆ ಲಸಿಕೆ ಕೊಟ್ಟರೂ ಮೈ ಸರಿಯಾಗಿ ಹಿಡಿಯದೇ ಇರಬಹುದು, ಅವರ ಮದ್ದೇ ರೋಗ ತಡೆಯುವ ಶಕ್ತಿಯನ್ನು ಕುಗ್ಗಿಸುತ್ತದೆ. ಆಗ ಅವರನ್ನು ಕಾಯುವುದು ಜೊತೆಗಿರುವವರ ಲಸಿಕೆ. ಬ್ರಿಟನ್ನಿನಲ್ಲಿ 2021ರ ಮಾರ್ಚ್ ಕೊನೆಗೆ ಇಂಥವರ ಮನೆಯ ದೊಡ್ಡವರಿಗೂ ಬೇಗ ಕೊಡಿ ಅಂತ ತಜ್ಞರ ಸಮಿತಿ ಹೇಳಿತು. ನಮ್ಮಲ್ಲೂ ಒಬ್ಬ ರೋಗಿಗೆ ಒಬ್ಬರಾದರೂ, ಡಯಾಲಿಸಿಸ್‌ಗೆ ಕರೆದುಕೊಂಡು ಬರುವ ಹೆಂಡತಿಯೋ, ಕೊಕ್ಕಡದಲ್ಲಿ ಮಲಗಿದ ಮಗನನ್ನು ಎತ್ತಿ ಮೀಯಿಸುವ ತಾಯಿಯೋ, ರೋಗಿಯ ಹೆಸರಿನ ಜೊತೆಯಲ್ಲೇ ಬರೆಸಿಕೊಳ್ಳುವ ಹಾಗೆ ಆಗಬೇಕು.

ಚೈತ್ರಾ, ಡಯಾಲಿಸಿಸ್ ಬಗ್ಗೆ ಇನ್ನೂ ಏನಾದರೂ ಬೇಕಾದರೆ ನಾಳೆ ಸಂಜೆ ಫೋನ್ ಮಾಡು, ಮನೆಯಲ್ಲೇ ಇರುತ್ತೇನೆ. ಶಶಿ, ಇದರಲ್ಲಿ ನಿನಗೆ ಒಪ್ಪಿಗೆ ಇಲ್ಲದ್ದು ಇದ್ದರೆ ಗ್ರೂಪಿನಲ್ಲೇ ಹೇಳು. ಭಾವ, ನೀವೂ ಹೇಳಿ. ಅವಳಿಗೆ ನಾಡಿದ್ದು ಅಲ್ಲಿ ಇದೇ ಪ್ರಶ್ನೆಗಳು ಬರುತ್ತವೆ.