ರೇಷ್ಮೆ ರೀಲಿಂಗ್ ನಡೆಸಿದ ಮನೆಯ ವಾಸನೆ ಹೋಗೋಕೆ ಎಷ್ಟು ಖರ್ಚು?

ಶಿಡ್ಲಘಟ್ಟದಲ್ಲಿ ಹಳೇ ಮನೆ ತಗೊಂಡ್ವಿ. ಮುಂದಿನ ಕೋಣೇಲಿ ಮೊದಲು ರೇಷ್ಮೆ ನೂಲು ಬಿಚ್ಚಾಣಿಕೆ ನಡೀತಿತ್ತು. ಮಧ್ಯಾಹ್ನ ಬಿಸಿಲೇರಿದರೆ ಗೋಡೆಯಿಂದಲೇ ಪ್ಯೂಪಾ (ಗೂಡಿನೊಳಗಿನ ಹುಳು) ವಾಸನೆ. ಅಮ್ಮನಿಗೆ ಆ ಕೋಣೇಲಿ ಊಟ ಸೇರಲ್ಲ. ವಾಸನೆ ತೆಗೆಯೋ ಓಜೋನ್ ಮೆಷಿನ್‌ನವರು 18,000 ಕೇಳ್ತಿದ್ದಾರೆ. ಕೊಡಬಹುದಾ?

ಉತ್ತರ 1: ಕೊಡಬೇಡಿ ಸರ್. ಒಣಗಿದ ಪ್ಯೂಪಾದಲ್ಲಿ ಕಾಲು ಭಾಗ ಎಣ್ಣೆನೇ. ಗೂಡು ಕುದಿಸಿದ ಹಬೆ ಜತೆ ಅದು ಗಾರೆಗೆ ಇಳಿದಿರುತ್ತೆ. ಓಜೋನ್ ಹಾಯಿಸಿದ್ರೆ ವಾಸನೆ ನಾಲ್ಕು ದಿನ ಹೋಗಿ ಮತ್ತೆ ಬರುತ್ತೆ. ನಾನು ಪೇಂಟಿಂಗ್ ಕೆಲಸದವನು, ನಮ್ಮೂರಲ್ಲಿ ಇಂಥ ಗೋಡೆ ಬಹಳ ಕಂಡಿದ್ದೀನಿ. ಹಳೇ ಡಿಸ್ಟೆಂಪರ್ ಪೂರ್ತಿ ಕೆರೆಸಿ, ಬಿಸಿನೀರಿಗೆ ವಾಷಿಂಗ್ ಸೋಡಾ ಹಾಕಿ ತಿಕ್ಕಿಸಿ. ಕೈಗೆ ಗ್ಲೌಸ್ ಇರಲಿ. ಚೆನ್ನಾಗಿ ಒಣಗಿದ ಮೇಲೆ ಎರಡು ಕೋಟ್ ಸುಣ್ಣ. ಸಾಮಾನು ಸಾವಿರದೊಳಗೆ ಮುಗಿಯುತ್ತೆ, ಕೂಲಿನೇ ಜಾಸ್ತಿ. ತಟ್ಟಿದರೆ ಟೊಳ್ಳು ಸದ್ದು ಬರೋ ಕಡೆ ಗಾರೆ ಕಿತ್ತು ಹೊಸದು ಹಾಕಿಸಲೇಬೇಕು.

ಉತ್ತರ 2: ವಾಸನೆಗೆ ಅಂತ ಬ್ಲೀಚಿಂಗ್ ಪೌಡರ್ ಹಾಕಿದ್ರೆ ಅದರ ಜತೆ ಆಸಿಡ್ ಮಾತ್ರ ಸೇರಿಸಬೇಡಿ ಅಣ್ಣ, ಕ್ಲೋರಿನ್ ಗ್ಯಾಸ್ ಬರುತ್ತೆ.

ಉತ್ತರ 3: ನೆಲದ ಜಾಲರಿನೂ ನೋಡಿ. ಬಳಸದೆ ಅದರ ಕೆಳಗಿನ ಟ್ರ್ಯಾಪ್‌ನಲ್ಲಿ (ವಾಸನೆ ತಡೆಯೋಕೆ ನೀರು ನಿಲ್ಲೋ ಭಾಗ) ನೀರು ಒಣಗಿದ್ರೆ ಚರಂಡಿ ವಾಸನೆ ಒಳಗೇ ಬರುತ್ತೆ. ಒಂದು ಚೊಂಬು ನೀರು ಸುರಿದರೆ ಗೊತ್ತಾಗುತ್ತೆ.

ಕೇಳಿದವರು: ಜಾಲರಿ ಒಣಗೇ ಇತ್ತು, ನೀರು ಹಾಕಿದೆ. ಗೋಡೆ ಕೆರೆಯೋಕೆ ಸೋಮವಾರ ಆಳು ಬರ್ತಾರೆ. ಸುಣ್ಣ ಯಾವುದು ತರಲಿ ಅಣ್ಣ, ಕಲ್ಲುಸುಣ್ಣನಾ?